ಐರ್ಲೆಂಡಿನ ಮರೆಯಾದ ಊರ ಹೆಸರುಗಳು

ಐರ್ಲೆಂಡಿನ ನಕ್ಷೆಯಲ್ಲಿ ‘ಕಿಲ್‌ಮೋರ್’ ಎಂಬ ಹೆಸರನ್ನು ನಾವು ಅನೇಕ ಕಡೆ ಕಾಣುತ್ತೇವೆ. ಆ ನಾಡಿನ ಮೂಲಭಾಷೆಯಾದ ಐರಿಷಿನಲ್ಲಿ ‘ಮೋರ್’ ಎಂದರೆ ದೊಡ್ಡದು. ‘ಕಿಲ್’ ಎಂದರೇನು? ಕೆಲವೆಡೆ ಅದು ಚರ್ಚು, ಕೆಲವೆಡೆ ಕಾಡು. ಐರಿಷ್ ಮಾತಿನಲ್ಲಿ ಈ ಎರಡು ಪದಗಳ ಉಚ್ಚಾರಣೆ ಬೇರೆ ಬೇರೆ. ಆದರೆ ಇಂಗ್ಲಿಷ್ ಗುಮಾಸ್ತರು ಅವನ್ನು ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡಾಗ ಎರಡಕ್ಕೂ ಒಂದೇ ರೂಪ ಬಂದಿತು. ಈಗ ಬರಿಯ ಹುಲ್ಲುಗಾವಲಾಗಿರುವ ಎಡೆಯಲ್ಲಿ ಹಿಂದೆ ಕಾಡಿತ್ತೋ ಚರ್ಚಿತ್ತೋ ಎಂಬುದನ್ನು ಇಂದಿನ ಹೆಸರೊಂದರಿಂದಲೇ ನಿರ್ಣಯಿಸಲಾಗದು. ಅದಕ್ಕೆ ಹಳೆಯ ಭೂದಾಖಲೆಗಳನ್ನು ಶೋಧಿಸಬೇಕು.

ಈ ದಾಖಲೆಗಳು ಹುಟ್ಟಿದುದು ಹೆಸರುಗಳನ್ನು ಕಾಪಾಡುವುದಕ್ಕಲ್ಲ. ಕ್ರಾಮ್‌ವೆಲ್ಲನ ಸೈನ್ಯ ಐರ್ಲೆಂಡನ್ನು ಗೆದ್ದ ಮೇಲೆ ಕ್ಯಾಥೊಲಿಕ್ ಭೂಮಾಲೀಕರ ಜಮೀನುಗಳನ್ನು ಮುಟ್ಟುಗೋಲು ಹಾಕಿಕೊಂಡು, ಯುದ್ಧಕ್ಕೆ ಸಾಲ ಕೊಟ್ಟವರಿಗೂ ಸೈನಿಕರಿಗೂ ಹಂಚಬೇಕಾಗಿತ್ತು. ಹಂಚುವುದಕ್ಕೆ ಮೊದಲು ಅಳೆಯಬೇಕಲ್ಲವೆ? 1656–58ರಲ್ಲಿ ವಿಲಿಯಂ ಪೆಟ್ಟಿಯ ನೇತೃತ್ವದಲ್ಲಿ ನಡೆದ ಆ ಮೋಜಣಿಗೆ ‘ಡೌನ್ ಸರ್ವೆ’ ಎಂದು ಹೆಸರು. ಸರಪಳಿಯಿಂದ ಅಳೆದುದನ್ನು ಕಾಗದದ ಮೇಲೆ ‘ಇಳಿಸಿದ್ದು’ ಎಂದು ಅದರ ಅರ್ಥ. ‘ಟೌನ್‌ಲ್ಯಾಂಡ್’ ಎಂಬ ಚಿಕ್ಕ ಭೂಘಟಕಗಳ ಹೆಸರು, ಎಲ್ಲೆ, ವಿಸ್ತೀರ್ಣಗಳು ಅದರಲ್ಲಿ ದಾಖಲಾದವು. ಇಂಥ ಘಟಕಗಳು ಇಂದಿಗೂ 60,000ಕ್ಕಿಂತ ಹೆಚ್ಚಾಗಿವೆ.

ಹಳೆಯ ಪಟ್ಟಿಯಲ್ಲಿದ್ದು ಈಗಿನ ನಕ್ಷೆಯಲ್ಲಿಲ್ಲದ ಹೆಸರೊಂದು ದೊರೆಯಿತೆನ್ನೋಣ. ಅದು ಎಲ್ಲಿ ಹೋಯಿತು? ಅದರ ನೆರೆಹೊರೆಯ ಹೆಸರುಗಳನ್ನು ಮೊದಲು ಗುರುತಿಸಬೇಕು. ಅವುಗಳ ನಡುವೆ ಉಳಿಯುವ ಜಾಗದ ವಿಸ್ತೀರ್ಣವನ್ನು ಹಳೆಯ ಲೆಕ್ಕಕ್ಕೆ ಹೋಲಿಸಬೇಕು. ಐರಿಷ್ ಎಕರೆ ಈಗಿನ ಎಕರೆಯ ಸುಮಾರು 1.62ರಷ್ಟು ದೊಡ್ಡದು. ಆದ್ದರಿಂದ ಅಂದಿನ 100 ಎಕರೆಯನ್ನು ಇಂದಿನ 162 ಎಕರೆಯ ಜಾಗದಲ್ಲಿ ಹುಡುಕಬೇಕು. ಆಮೇಲೆ ಒಡೆತನದ ಜಾಡು ಹಿಡಿಯಬೇಕು. ಕ್ರಯಪತ್ರಗಳಲ್ಲಿ ಹಲವು ವೇಳೆ ಹೊಸ ಹೆಸರಿನೊಡನೆ ‘ಯಾನೆ’ ಎಂದು ಹಳೆಯ ಹೆಸರೂ ಬರೆದಿರುತ್ತದೆ. ಆ ಒಂದೇ ಪದದಿಂದ ಇಡೀ ಒಗಟು ಬಿಡಿಸಿಕೊಳ್ಳುವುದುಂಟು. ಕೊನೆಗೆ, ಸಿಕ್ಕ ರೂಪಗಳನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿದರೆ ಮೂಲಪದ ಗೋಚರಿಸತೊಡಗುತ್ತದೆ.

ಆದರೆ ಬರಹವೊಂದೇ ಸಾಲದು, ನಾಲಗೆಯ ಸಾಕ್ಷ್ಯವೂ ಬೇಕು. 1824ರಲ್ಲಿ ತೆರಿಗೆ ನಿಗದಿಗಾಗಿ ಆರಂಭವಾದ ಆರ್ಡನೆನ್ಸ್ ಸರ್ವೆಗೆ 1830ರಲ್ಲಿ ಜಾನ್ ಓ’ಡೊನೊವನ್ ಎಂಬ ವಿದ್ವಾಂಸನು ಸೇರಿದನು. ಅವನು ಹಳ್ಳಿ ಹಳ್ಳಿ ತಿರುಗಿ, ಊರ ಹೆಸರನ್ನು ವೃದ್ಧರ ಬಾಯಿಂದಲೇ ಕೇಳಿ, ಹಳೆಯ ಲಿಖಿತಗಳೊಡನೆ ತಾಳೆನೋಡಿ ಬರೆದಿಟ್ಟನು. ಈ ಕಾರ್ಯ ಸಕಾಲಕ್ಕೆ ನಡೆಯಿತು. 1845ರಲ್ಲಿ ಆಲೂಗೆಡ್ಡೆಗೆ ರೋಗ ತಗುಲಿ ಮಹಾಕ್ಷಾಮ ಬಂದಿತು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ವೇಳೆಗೆ ಸುಮಾರು 65 ಲಕ್ಷಕ್ಕಿಳಿಯಿತು. ಆ ಹೆಸರುಗಳನ್ನು ಸರಿಯಾಗಿ ಉಚ್ಚರಿಸುತ್ತಿದ್ದ ಎಷ್ಟೋ ಮಂದಿ ಸತ್ತರು, ಉಳಿದವರಲ್ಲಿ ಅನೇಕರು ಕಡಲು ದಾಟಿದರು.

1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಭಂಡಾರ ಸುಟ್ಟುಹೋಯಿತು. ಡೌನ್ ಸರ್ವೆಯ ಮೂಲಪಟಗಳಿಗೂ ಅದೇ ಗತಿಯಾಯಿತು. ಅದೃಷ್ಟವಶಾತ್ ಅವುಗಳ ಪ್ರತಿಗಳು ಬೇರೆ ಬೇರೆ ಗ್ರಂಥಾಲಯಗಳಲ್ಲಿ ಉಳಿದಿದ್ದವು. ಅವನ್ನು ಒಟ್ಟುಗೂಡಿಸಿದ ಡಬ್ಲಿನ್ನಿನ ಟ್ರಿನಿಟಿ ಕಾಲೇಜು 2013ರಲ್ಲಿ ಎಲ್ಲರಿಗೂ ದೊರಕುವಂತೆ ಮಾಡಿತು.

ಇಷ್ಟೊಂದು ಶ್ರಮದ ಫಲವೇನು? ‘ಡೆರಿ’ ಎಂಬುದು ‘ದೊರೆ’ ಎಂಬ ಐರಿಷ್ ಪದದಿಂದ ಬಂದುದು. ಅದಕ್ಕೆ ಓಕ್ ಮರಗಳ ತೋಪು ಎಂದರ್ಥ. ‘ಯೊಲ್’ ಎಂಬ ಬಂದರಿನ ಹೆಸರಿನಲ್ಲಿ ಯೂ ಮರಗಳ ಕಾಡು ಅಡಗಿದೆ. ಐರ್ಲೆಂಡಿನ ಹಳೆಯ ಕಾಡುಗಳು ಬಹುಮಟ್ಟಿಗೆ ಕಡಿದುಹೋಗಿವೆ. ಅವು ಎಲ್ಲೆಲ್ಲಿ ಇದ್ದವು, ಅಲ್ಲಿ ಯಾವ ಮರಗಳು ಬೆಳೆಯುತ್ತಿದ್ದವು ಎಂಬುದನ್ನು ಸಸ್ಯವಿಜ್ಞಾನಿಗೂ ಇತಿಹಾಸಕಾರನಿಗೂ ಇಂಥ ಹೆಸರುಗಳೇ ತಿಳಿಸಬಲ್ಲವು. ನೆಲವನ್ನು ಕಸಿದುಕೊಳ್ಳಲೆಂದು ಬರೆದ ಪಟ್ಟಿಗಳೇ ಆ ನೆಲದ ನೆನಪನ್ನು ಇಂದು ನಮಗೆ ಒಪ್ಪಿಸುತ್ತಿವೆ.