ವಿಳಾಸ ಬಲ್ಲ ಔಷಧಿ

ಮಕ್ಕಳೇ, ಅಂಚೆಯಣ್ಣ ಊರಿನ ಎಲ್ಲ ಬಾಗಿಲನ್ನೂ ತಟ್ಟುವುದಿಲ್ಲ. ಕಾಗದದ ಮೇಲಿನ ವಿಳಾಸ ನೋಡಿ ಸರಿಯಾದ ಮನೆಗೇ ಹೋಗುತ್ತಾನೆ. ನಮ್ಮ ರಕ್ತದಲ್ಲೂ ಇಂಥ ಅಂಚೆಯವರಿದ್ದಾರೆ. ಅವರ ಹೆಸರು ಪ್ರತಿಕಾಯ. ರೋಗಾಣು ಮೈಯೊಳಗೆ ನುಗ್ಗಿದರೆ, ಅದರ ಮೇಲಿರುವ ಗುರುತಿಗೆ ಹೊಂದುವ ಪ್ರತಿಕಾಯಗಳನ್ನು ದೇಹ ತಯಾರಿಸುತ್ತದೆ. ಬೀಗಕ್ಕೆ ತಕ್ಕ ಕೀಲಿಕೈಯಂತೆ ಅವು ಆ ಗುರುತಿಗೇ ಅಂಟಿಕೊಳ್ಳುತ್ತವೆ.

ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮದೇ ಜೀವಕೋಶಗಳು ಹದ್ದುಮೀರಿ ಬೆಳೆಯುವ ಕಾಯಿಲೆ. ಆದ್ದರಿಂದಲೇ ಅದನ್ನು ಗುರುತಿಸುವುದು ಕಷ್ಟ. ಆದರೂ ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಕೆಲವು ಗುರುತುಗಳು ಎದ್ದು ಕಾಣುತ್ತವೆ. ಆ ಗುರುತನ್ನು ಹುಡುಕುವ ಪ್ರತಿಕಾಯದ ಬೆನ್ನಿಗೆ ಒಂದಿಷ್ಟು ವಿಕಿರಣಶೀಲ ವಸ್ತು ಕಟ್ಟಿ ಕಳಿಸಿದರೆ?

ಅದಕ್ಕೆ ಒಂದೇ ಬಗೆಯ ಪ್ರತಿಕಾಯ ಬೇಕಾದಷ್ಟು ಸಿಗಬೇಕು. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಹ್ಲರ್ ಮತ್ತು ಸೆಸಾರ್ ಮಿಲ್‌ಸ್ಟೈನ್ ಅದಕ್ಕೆ ದಾರಿ ಕಂಡುಹಿಡಿದರು. ಪ್ರತಿಕಾಯ ತಯಾರಿಸುವ ಇಲಿಯ ಕೋಶವನ್ನು, ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರಿನ ಹಟಮಾರಿತನವನ್ನೇ ಕ್ಯಾನ್ಸರ್ ಹುಡುಕಲು ಬಳಸಿಕೊಂಡ ಈ ಜಾಣತನ ನನಗೆ ಬಹಳ ಇಷ್ಟ.

ಪ್ರತಿಕಾಯ ಹೊರುವ ಹೊರೆ ಎರಡು ಬಗೆ. ಒಂದು ದೀಪ, ಇನ್ನೊಂದು ಬೆಂಕಿ. ಇಂಡಿಯಂ-111 ದೀಪದಂತೆ. ಅದರ ಗಾಮಾ ಕಿರಣಗಳು ದೇಹದಿಂದ ಹೊರಬರುತ್ತವೆ. ಗಾಮಾ ಕ್ಯಾಮೆರಾ ಅವುಗಳನ್ನು ಹಿಡಿದು, ಪ್ರತಿಕಾಯ ಎಲ್ಲೆಲ್ಲಿ ಸೇರಿಕೊಂಡಿದೆ ಎಂದು ತೋರಿಸುತ್ತದೆ. ಯಿಟ್ರಿಯಂ-90 ಬೆಂಕಿಯಂತೆ. ಅದರ ಬೀಟಾ ಕಣಗಳು ಮಾಂಸದೊಳಗೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ದೂರ ಹೋಗಿ, ದಾರಿಯಲ್ಲಿ ಸಿಕ್ಕ ಕೋಶಗಳನ್ನು ಸುಡುತ್ತವೆ.

ಹೀಗೆ ಯಿಟ್ರಿಯಂ ಹೊತ್ತ ಝೆವಲಿನ್ ಎಂಬ ಔಷಧಿಗೆ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಿಂಫೋಮಾ ಎಂಬ ರಕ್ತಸಂಬಂಧಿ ಕ್ಯಾನ್ಸರಿನ ಕೆಲವು ಬಗೆಗಳಿಗೆ ಅದು ಮದ್ದು. ಅದು ಹುಡುಕುವ ಗುರುತಿನ ಹೆಸರು ಸಿಡಿ20. ಈ ಗುರುತು ಆರೋಗ್ಯವಂತ ಬಿ ಕೋಶಗಳ ಮೇಲೂ ಇರುವುದರಿಂದ ಅವೂ ಸಾಯುತ್ತವೆ. ಆದರೆ ಮೂಳೆಯ ಮಜ್ಜೆಯಲ್ಲಿರುವ ತಾಯಿಕೋಶಗಳ ಮೇಲೆ ಅದಿಲ್ಲ. ಹಾಗಾಗಿ ಕೆಲವು ತಿಂಗಳಲ್ಲಿ ಹೊಸ ಬಿ ಕೋಶಗಳು ಹುಟ್ಟುತ್ತವೆ. ಆದರೂ ವಿಕಿರಣದ ಬಿಸಿ ಮಜ್ಜೆಗೂ ತಟ್ಟಿ, ಕೆಲವು ವಾರ ರಕ್ತಕಣಗಳು ಕಡಿಮೆಯಾಗುತ್ತವೆ. ಅದಕ್ಕೇ ವೈದ್ಯರು ಮತ್ತೆ ಮತ್ತೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಗಟ್ಟಿ ಗಡ್ಡೆಗಳಲ್ಲಿ ಇನ್ನೊಂದು ತೊಡಕು: ಪ್ರತಿಕಾಯ ದೊಡ್ಡ ಅಣು, ಒಳಕ್ಕೆ ಇಳಿಯಲು ಹೆಣಗಾಡುತ್ತದೆ. ಎಲ್ಲ ಕ್ಯಾನ್ಸರಿಗೂ ಇದೇ ಮದ್ದು ಎನ್ನುವಂತಿಲ್ಲ.

ಈಗ ಮನೆಯ ಮಾತು. ವಿಕಿರಣ ಚಿಕಿತ್ಸೆ ಪಡೆದು ಬಂದ ಅಜ್ಜನ ತೊಡೆಯೇರಬಹುದೇ? ಮೊದಲನೆಯದಾಗಿ, ಕ್ಯಾನ್ಸರ್ ಅಂಟುರೋಗವಲ್ಲ. ಇನ್ನು ವಿಕಿರಣ ಯಾವ ಹೊರೆಯದು ಎಂಬುದು ಮುಖ್ಯ. ಯಿಟ್ರಿಯಂನ ಕಣಗಳು ಬಹುಪಾಲು ದೇಹದೊಳಗೇ ಉಳಿಯುತ್ತವೆ. ಶೌಚದ ನಂತರ ಚೆನ್ನಾಗಿ ಕೈ ತೊಳೆಯುವಂಥ ಎಚ್ಚರಿಕೆ ಸಾಕಾಗುತ್ತದೆ. ಅಯೋಡಿನ್-131 ಆದರೆ ಗಾಮಾ ಕಿರಣವೂ ಹೊರಬರುವುದರಿಂದ, ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು.

ಆ ದಿನಗಳ ಲೆಕ್ಕ ಅಜ್ಜಿಯರು ಕಲಿತ ಹಳೆಯ ಭಿನ್ನರಾಶಿಯಂತೆಯೇ ಇದೆ. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. 16 ದಿನಕ್ಕೆ ಕಾಲು, 24ಕ್ಕೆ ಅರೆಕಾಲು, 32ಕ್ಕೆ ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು. ಮೂತ್ರದಲ್ಲೂ ಹೊರಹೋಗುವುದರಿಂದ ದೇಹದಲ್ಲಿ ಇನ್ನೂ ಬೇಗ ಕರಗುತ್ತದೆ. ಯಿಟ್ರಿಯಂ-90 ಅಂತೂ 64 ಗಂಟೆಗೇ ಅರ್ಧ.

ಆದ್ದರಿಂದ ಅಜ್ಜ ಕೆಲವು ದಿನ ಬೇರೆ ಕೋಣೆಯಲ್ಲಿದ್ದರೆ ಮುನಿಸಿಕೊಳ್ಳಬೇಡಿ. ಅವರು ದೂರವಿರುವುದು ನಿಮ್ಮ ಮೇಲಿನ ಪ್ರೀತಿಯಿಂದಲೇ. ಬಾಗಿಲಾಚೆ ನಿಂತು ಕತೆ ಕೇಳಿ; ಗೋಡೆಯ ಕ್ಯಾಲೆಂಡರಿನಲ್ಲಿ ದಿನಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗಿ.