ತಾಯಿ ಹೊಲಕ್ಕೆ ಹೋದಾಗ ಕೂಸಿನ ಪಾಲನೆ

ಧಾರವಾಡ ತಾಲೂಕಿನ ಹೆಬ್ಬಳ್ಳಿಯ ಸುತ್ತಣ ಎರೆ ಭೂಮಿಯಲ್ಲಿ ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಜೋಳ, ಕಡಲೆ, ಗೋಧಿ ಬೆಳೆಯುತ್ತವೆ. ಕಳೆ ತೆಗೆಯುವುದು, ಹೆಸರುಕಾಯಿ ಹರಿಯುವುದು, ಹತ್ತಿ ಬಿಡಿಸುವುದು ಇವೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳಿಂದಲೇ ಆಗತಕ್ಕ ಕೆಲಸಗಳು. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬಂದ ತಾಯಿಯು ಕೂಸಿಗೆ ಐದಾರು ತಿಂಗಳಾಗುವಷ್ಟರಲ್ಲಿ ಹೊಲದ ಹಾದಿ ಹಿಡಿಯುವುದು ಸಾಮಾನ್ಯ. ಕೂಸಿಗೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಬೇಕಾಗುವುದೂ ಅದೇ ವೇಳೆಗೆ. ಹೀಗೆ ತಾಯಿ ದೂರವಾಗುವ ಕಾಲವೂ ಕೂಸಿನ ಅಗತ್ಯ ಹೆಚ್ಚುವ ಕಾಲವೂ ಒಂದೇ ಆಗಿಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಬೆಳವಣಿಗೆ ಹೀಗೆ ಕುಂಠಿತವಾಗುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ; ಅನಂತರ ಅದನ್ನು ತುಂಬಿಕೊಡುವುದು ಕಷ್ಟ.

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು. ಬೇಸಿಗೆಯಲ್ಲಿಯೂ ನೀರು ಬೇಕಿಲ್ಲ; ಹಾಲಿನಲ್ಲಿ ಬಹುಪಾಲು ನೀರೇ ಇರುತ್ತದೆ. ಜೇನುತುಪ್ಪ, ಹರಳೆಣ್ಣೆ, ತೇಯ್ದ ಬಜೆ ಇವನ್ನು ನೆಕ್ಕಿಸುವ ರೂಢಿಯನ್ನು ಬಿಡತಕ್ಕದ್ದು. ಈ ಅವಧಿಯಲ್ಲಿಯೇ ತಾಯಿ ಕೆಲಸಕ್ಕೆ ಹೋಗಲೇಬೇಕಾದರೆ ಬೆಳಿಗ್ಗೆ ಹೊರಡುವ ಮುನ್ನ ಕೂಸಿಗೆ ಹೊಟ್ಟೆ ತುಂಬ ಕುಡಿಸಿ, ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿನಲ್ಲಿ ಹಾಲನ್ನು ಹಿಂಡಿ ಮುಚ್ಚಿಡಬಹುದು. ತಂಪಾದ ಸ್ಥಳದಲ್ಲಿಟ್ಟ ಆ ಹಾಲನ್ನು ನಾಲ್ಕು ತಾಸಿನೊಳಗೆ ಚಮಚದಿಂದ ಕುಡಿಸಬೇಕು. ಬಾಟಲಿಯನ್ನು ಮಾತ್ರ ಮನೆಯೊಳಗೆ ತರಬೇಡಿರಿ. ಅದರ ರಬ್ಬರು ತೊಟ್ಟನ್ನು ಶುಚಿಯಾಗಿಡುವುದು ಪಟ್ಟಣದ ಮನೆಗಳಲ್ಲಿಯೇ ಕಷ್ಟ.

ಕೆಲವು ತಾಯಂದಿರು ಕೂಸನ್ನು ಹೊಲಕ್ಕೇ ಒಯ್ದು ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟುತ್ತಾರೆ. ಹಾಲು ತಪ್ಪುವುದಿಲ್ಲವಾದ್ದರಿಂದ ಇದು ಕೆಟ್ಟ ಪದ್ಧತಿಯೇನಲ್ಲ. ಆದರೆ ಹತ್ತಿಗೆ ಔಷಧ ಸಿಂಪಡಿಸಿದ ದಿನಗಳಲ್ಲಿ ಕೂಸನ್ನು ಆ ಹೊಲದ ಹತ್ತಿರಕ್ಕೂ ಒಯ್ಯಬಾರದು. ಅಂಥ ಹೊಲದಲ್ಲಿ ದುಡಿದು ಬಂದವರು ಸ್ನಾನ ಮಾಡಿ ಸೀರೆ ಬದಲಿಸಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು.

ಆರು ತಿಂಗಳು ತುಂಬಿತೆಂದರೆ ಮೆತ್ತನೆಯ ಆಹಾರವನ್ನು ಆರಂಭಿಸತಕ್ಕದ್ದು. ಇಲ್ಲಿಯೇ ನಮ್ಮ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಕೂಸಿಗೆ ಅರಗದೆಂಬ ಭಯದಿಂದ ಬೇಳೆಯ ಕಟ್ಟನ್ನು ಮಾತ್ರ ಕುಡಿಸಿ, ಬೇಳೆಯನ್ನು ದೊಡ್ಡವರ ಪಲ್ಯಕ್ಕೆ ಹಾಕುತ್ತಾರೆ. ಸತ್ವವಿರುವುದು ಬೇಳೆಯಲ್ಲಿ, ಕಟ್ಟಿನಲ್ಲಿ ನೀರೇ ಹೆಚ್ಚು. ಕೂಸಿನ ಹೊಟ್ಟೆ ಅಂಗೈಯಗಲದ್ದು. ಅದನ್ನು ನೀರಿನಿಂದ ತುಂಬಿಸಿದರೆ ಅನ್ನಕ್ಕೆ ಸ್ಥಳವೆಲ್ಲಿ ಉಳಿಯುತ್ತದೆ? ಆಹಾರವು ಚಮಚವನ್ನು ಓರೆ ಮಾಡಿದರೂ ಥಟ್ಟನೆ ಸುರಿದುಹೋಗದಷ್ಟು ಗಟ್ಟಿಯಾಗಿರಬೇಕು.

ಇದಕ್ಕೆ ಪೇಟೆಯ ಡಬ್ಬಿಯ ಹಿಟ್ಟು ಬೇಕಿಲ್ಲ. ಜೋಳ ಅಥವಾ ಗೋಧಿ ಎರಡು ಪಾಲು, ಹೆಸರುಬೇಳೆ ಒಂದು ಪಾಲು, ಬೇರೆ ಬೇರೆಯಾಗಿ ಹುರಿದು, ಒಂದು ಹಿಡಿ ಶೇಂಗಾ ಸೇರಿಸಿ ನುಣ್ಣಗೆ ಬೀಸಿ ಡಬ್ಬಿಯಲ್ಲಿ ತುಂಬಿಟ್ಟರೆ ಸುಗ್ಗಿಯ ಗಡಿಬಿಡಿಯಲ್ಲಿಯೂ ಹತ್ತು ನಿಮಿಷದಲ್ಲಿ ಕೂಸಿನ ಊಟ ಸಿದ್ಧ. ಬೂಸು ಹಿಡಿದ ಶೇಂಗಾ ಸರ್ವಥಾ ಕೂಡದು. ಬೇಯಿಸಿದ ಹಿಟ್ಟಿಗೆ ಒಂದು ಚಮಚ ತುಪ್ಪ ಅಥವಾ ಎಣ್ಣೆಯನ್ನೂ, ಬೇಯಿಸಿ ಮಸೆದ ಮೆಂತೆ, ರಾಜಗಿರಿ ಮೊದಲಾದ ಸೊಪ್ಪನ್ನೂ ಬೆರೆಸಿರಿ. ತಿನ್ನುವ ಮನೆಯವರು ಬೇಯಿಸಿದ ಮೊಟ್ಟೆಯನ್ನು ಆರು ತಿಂಗಳ ನಂತರ ಕೊಡಬಹುದು. ಮೊದಲು ಎರಡು ಮೂರು ಚಮಚ. ಕ್ರಮೇಣ ಅರ್ಧ ಬಟ್ಟಲು, ದಿನಕ್ಕೆ ಎರಡು ಮೂರು ಸಲ. ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ. ವರ್ಷ ತುಂಬಿದ ಮಗುವು ಮನೆಯವರು ಉಣ್ಣುವ ರೊಟ್ಟಿಯನ್ನೇ ಗಟ್ಟಿ ಬೇಳೆಯಲ್ಲಿ ನೆನೆಸಿ, ಖಾರವಿಲ್ಲದೆ ಉಣ್ಣಬಲ್ಲದು. ಎದೆಹಾಲನ್ನು ಎರಡು ವರ್ಷದವರೆಗೆ ಮುಂದುವರಿಸತಕ್ಕದ್ದು. ತಾಯಿ ಮನೆಯಲ್ಲಿರುವ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು ಸಲ ಕುಡಿಸಿದರೆ ಹಾಲು ಬತ್ತುವುದಿಲ್ಲ.

ಹಗಲಿನಲ್ಲಿ ಉಣಿಸತಕ್ಕವರು ಯಾರು? ಬಹುತೇಕ ಮನೆಗಳಲ್ಲಿ ಅತ್ತೆಯವರು. ಆದ್ದರಿಂದ ಎಷ್ಟು, ಎಷ್ಟು ಸಲ ಎಂಬುದನ್ನು ಅವರೊಡನೆ ಕುಳಿತು ಗೊತ್ತು ಮಾಡಿಕೊಳ್ಳಿರಿ. ಕೂಸಿಗೆ ಬೇರೆ ತಟ್ಟೆಯಿರಲಿ, ಉಂಡದ್ದೆಷ್ಟೆಂದು ತಿಳಿಯುತ್ತದೆ. ಹಿರಿಯರು ಇಲ್ಲದ ಮನೆಗಳಲ್ಲಿ ಹಿರಿಯ ಮಗಳನ್ನು ಶಾಲೆ ಬಿಡಿಸಿ ಕೂಸು ಕಾಯಲು ಕೂಡಿಸುವುದುಂಟು. ಎಂಟು ವರ್ಷದ ಹುಡುಗಿಗೆ ಕೂಸನ್ನು ಎತ್ತಿಕೊಳ್ಳಲು ಬರುತ್ತದೆ, ಹಟ ಮಾಡುವ ಕೂಸಿಗೆ ತಾಳ್ಮೆಯಿಂದ ಉಣಿಸಲು ಬರುವುದಿಲ್ಲ. ಇಬ್ಬರಿಗೂ ಹಾನಿ. ಕರ್ನಾಟಕದಲ್ಲಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯಲಾಗಿದೆ, ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ತಂದೆಯಾದವರು ವಿಚಾರಿಸಿರಿ.

ಮಳೆಗಾಲದಲ್ಲಿ ಕೂಸುಗಳಿಗೆ ಭೇದಿಯಾಗುವುದು ಹೆಚ್ಚು. ನೆತ್ತಿ ಕುಸಿದಿದೆಯೆಂದು ಎಣ್ಣೆ ಒತ್ತುವುದು, ದೃಷ್ಟಿ ತೆಗೆಯುವುದು, ಊಟ ನಿಲ್ಲಿಸುವುದು ಹಳೆಯ ರೂಢಿ. ನೆತ್ತಿ ಕುಸಿಯುವುದು ಮೈಯೊಳಗಿನ ನೀರು ಹೊರಟುಹೋಗಿರುವ ಗುರುತು. ಎಣ್ಣೆಯಿಂದ ಆ ನೀರು ಮರಳದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಹಾಕುವ ದ್ರಾವಣ ಮುಗಿದುಹೋಯಿತು. ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅದರ ಸುಧಾರಿತ ರೂಪವೇ ಆಶಾ ಕಾರ್ಯಕರ್ತೆಯ ಬಳಿ ದೊರೆಯುವ ಓ.ಆರ್.ಎಸ್. ಪೊಟ್ಟಣ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಿ, ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಕಾಲು ಲೋಟದಿಂದ ಅರ್ಧ ಲೋಟದಷ್ಟು, ಚಮಚ ಚಮಚವಾಗಿ ಕುಡಿಸಿರಿ. ಇಪ್ಪತ್ತನಾಲ್ಕು ತಾಸಾದ ಮೇಲೆ ಉಳಿದದ್ದನ್ನು ಚೆಲ್ಲಿರಿ. ಜೊತೆಗೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ನುಂಗಿಸತಕ್ಕದ್ದು. ಹಾಲು, ಊಟ ನಿಲ್ಲಬಾರದು. ಮಲದಲ್ಲಿ ರಕ್ತ ಕಂಡರೆ, ಕೂಸು ಮಂಕಾದರೆ, ಕುಡಿಯಲಾರದಾದರೆ ಅಥವಾ ಕುಡಿದುದನ್ನೆಲ್ಲ ಕಾರಿದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ.

ಇನ್ನೊಂದು ವಿಷಯವನ್ನು ಗಂಡಹೆಂಡತಿ ಇಬ್ಬರೂ ಕೂಡಿ ಓದತಕ್ಕದ್ದು. ಹಾಲುಣಿಸುವವರೆಗೆ ಗರ್ಭ ನಿಲ್ಲದೆಂದು ಅನೇಕರು ನಂಬಿದ್ದಾರೆ. ಕೂಸಿಗೆ ಆರು ತಿಂಗಳಾಗಿರದೆ, ತಾಯಿಯು ಮುಟ್ಟಾಗದೆ, ಹಗಲು ರಾತ್ರಿ ಎದೆಹಾಲೊಂದನ್ನೇ ಕೊಡುತ್ತಿದ್ದರೆ ಮಾತ್ರ ಅದು ಬಹುಮಟ್ಟಿಗೆ ನಿಜ. ತಾಯಿ ಹೊಲಕ್ಕೆ ಹೋಗತೊಡಗಿ ಹಗಲಿನ ಹಾಲು ತಪ್ಪಿತೆಂದರೆ ಆ ರಕ್ಷಣೆಯೂ ತಪ್ಪಿತು. ಮತ್ತೆ ಬಸುರಾದೊಡನೆ ಎದೆ ಬಿಡಿಸುತ್ತಾರೆ. ನಡೆಯಲು ಕಲಿಯುತ್ತಿರುವ ಮಗು ಸೊರಗುತ್ತದೆ. ಆಫ್ರಿಕಾದ ಘಾನಾದಲ್ಲಿ ಗಾ ಭಾಷೆಯ ಜನರು ಕೈಕಾಲು ಬಾತು ಸೊರಗುವ ಮಕ್ಕಳ ರೋಗವನ್ನು ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು: ತಮ್ಮನೋ ತಂಗಿಯೋ ಹುಟ್ಟಿ, ಎದೆಯಿಂದ ದೂರವಾದ ಮಗುವಿಗೆ ಬರುವ ಬೇನೆ ಎಂದು ಅದರ ಅರ್ಥ. ಡಾ. ಸಿಸಿಲಿ ವಿಲಿಯಮ್ಸ್ 1935ರಲ್ಲಿ ಅದೇ ಹೆಸರನ್ನು ವೈದ್ಯಶಾಸ್ತ್ರಕ್ಕೆ ತಂದರು. ಅಕ್ಷರ ಬಾರದ ತಾಯಂದಿರು ಕಾರಣವನ್ನು ಮೊದಲೇ ಕಂಡುಕೊಂಡಿದ್ದರು.

ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷ ಬಿಡಬೇಕು. ವಂಕಿಯನ್ನು ಹೆರಿಗೆಯಾದ 48 ತಾಸಿನೊಳಗೆ ಅಥವಾ ಆರು ವಾರದ ನಂತರ ಹಾಕಿಸಬಹುದು. ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದನ್ನು ಆರು ವಾರದ ನಂತರ ಆರಂಭಿಸಬಹುದು. ‘ಛಾಯಾ’ ಗುಳಿಗೆಯಿಂದಲೂ ಹಾಲಿಗೆ ಬಾಧೆಯಿಲ್ಲ. ‘ಮಾಲಾ-ಎನ್’ ಗುಳಿಗೆಯನ್ನು ಮಾತ್ರ ಹಾಲುಣಿಸುವ ತಾಯಿ ಮೊದಲ ಆರು ತಿಂಗಳು ಸೇವಿಸಬಾರದು. ನಿರೋಧವಂತೂ ಗಂಡಸರ ಕೈಯಲ್ಲಿಯೇ ಇರುವ ಉಪಾಯ. ಎಲ್ಲ ಹೊಣೆಯನ್ನೂ ಹೆಂಡತಿಯ ಮೈಮೇಲೆಯೇ ಹೊರಿಸುವುದು ನ್ಯಾಯವಲ್ಲವೆಂದು ಇಲ್ಲಿ ಹೇಳದೆ ವಿಧಿಯಿಲ್ಲ.

ತಿಂಗಳಿಗೊಮ್ಮೆ ಕೂಸನ್ನು ಅಂಗನವಾಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿರಿ. ಸುಗ್ಗಿಯಲ್ಲಿ ತಾಯಿಗೆ ಬಿಡುವಿಲ್ಲದಿದ್ದರೆ ತಂದೆ ಒಯ್ಯಲಿ. ಒಂಬತ್ತು ತಿಂಗಳಿಗೆ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆಯ ದಿನವನ್ನೂ ಆಗಲೇ ಕೇಳಿಕೊಂಡು ಬರಲಿ. ಕಾರ್ಡಿನ ಗೆರೆ ಮೇಲಕ್ಕೇರುತ್ತಿದ್ದರೆ ಈಗಿನ ಕ್ರಮವನ್ನೇ ಮುಂದುವರಿಸಿರಿ. ಗೆರೆ ಅಡ್ಡವಾಗಿ ಸಾಗಿದರೆ ಅಥವಾ ಕೆಳಗಿಳಿದರೆ ಮುಂದಿನ ತಿಂಗಳಿಗೆ ಕಾಯದೆ, ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ.