ಒಂದು ಡಯಾಲಿಸಿಸ್ ತಪ್ಪಿದರೆ...

2019ರ ಗಣೇಶ ಚೌತಿ ಸೋಮವಾರ ಬಂದಿತ್ತು. ಡೊಂಬಿವಲಿಯಲ್ಲಿರುವ ನಮ್ಮ ಭಾವನವರಿಗೆ ಸೋಮ, ಬುಧ, ಶುಕ್ರವಾರ ಡಯಾಲಿಸಿಸ್. ಮನೆಯಲ್ಲಿ ಗಣಪತಿ ಕೂರಿಸಿ ತಾನು ಆಸ್ಪತ್ರೆಯಲ್ಲಿ ಮಲಗುವುದೇ ಎಂದು ಅಂದಿನ ಸರದಿಯನ್ನು ಮರುದಿನಕ್ಕೆ ಹಾಕಿಸಿಕೊಂಡರು. ಚೌತಿಗೆಂದು ಹೋಗಿದ್ದ ನಾನೂ ಬೇಡವೆನ್ನಲಿಲ್ಲ. ಬಾಳೆಹಣ್ಣು, ಎಳನೀರು ಪ್ರಸಾದವಲ್ಲವೇ, ಅದಕ್ಕೂ ಯಾರೂ ಅಡ್ಡಿ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಲಲ್ಲಿ ಶಕ್ತಿಯೇ ಇಲ್ಲ ಎಂದವರು ಕುರ್ಚಿಯಿಂದ ಕುಸಿದರು. ಉಸಿರಿಲ್ಲ. ಅಕ್ಕ ಮುಖಕ್ಕೆ ನೀರು ಚಿಮುಕಿಸಿದಳು, ನಾನು ಅಂಗಾಲು ತಿಕ್ಕಿದೆ. ನಮಗೆ ತಿಳಿದಿದ್ದದ್ದು ಅಷ್ಟೇ! ಕಾರ್ಖಾನೆಯಲ್ಲಿ ತರಬೇತಿ ಪಡೆದಿದ್ದ ಪಕ್ಕದ ಮನೆಯ ಹುಡುಗ ಓಡಿಬಂದು, ಭಾವನನ್ನು ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಕೈ ಮೇಲೆ ಕೈ ಇಟ್ಟು ಒತ್ತತೊಡಗಿದ. ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ. ಭಾವ ಬದುಕಿದರು.

ಇದು ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವಲ್ಲ, ಹೃದಯ ಸ್ತಂಭನ ಎಂದು ವೈದ್ಯರು ವಿವರಿಸಿದರು. ಆಹಾರದಲ್ಲಿರುವ ಪೊಟ್ಯಾಷಿಯಂ ಮೂತ್ರದಲ್ಲಿ ಹೋಗಬೇಕು. ಮೂತ್ರಪಿಂಡ ಕೆಟ್ಟವರಲ್ಲಿ ಅದು ರಕ್ತದಲ್ಲೇ ಉಳಿದು, ಮಿತಿ ಮೀರಿದಾಗ ಹೃದಯದ ವಿದ್ಯುತ್ ಸಂಕೇತಗಳನ್ನೇ ಕೆಡಿಸುತ್ತದೆ. ವಾರದ ಕೊನೆಯ ಎರಡು ದಿನಗಳ ಬಿಡುವೇ ಅಪಾಯದ್ದು. ಆ ಬಿಡುವಿನ ಮರುದಿನ ಸಾವು ಹೆಚ್ಚೆಂದು ಅಮೆರಿಕದ ರೋಗಿಗಳ ಕುರಿತು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ನಾವು ಅದಕ್ಕೆ ಇನ್ನೂ ಒಂದು ದಿನ ಸೇರಿಸಿದ್ದೆವು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ನಾನೇ ತಂದುಕೊಟ್ಟಿದ್ದ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಷಿಯಂ ಇರುತ್ತದಂತೆ. ಪ್ಯಾಕೆಟ್ಟಿನ ಮೇಲೆ ಬರೆದಿತ್ತು, ಲೆಕ್ಕದ ಪುಸ್ತಕ ನೋಡುವ ಈ ಕಣ್ಣಿಗೆ ಬಿದ್ದಿರಲಿಲ್ಲ.

ಡಯಾಲಿಸಿಸ್ ರೋಗಿ ಎಂದು ಆಸ್ಪತ್ರೆಯ ಬಾಗಿಲಲ್ಲೇ ಹೇಳಬೇಕು. ಕ್ಯಾಲ್ಸಿಯಂ ಚುಚ್ಚುಮದ್ದು, ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟು ಹೃದಯವನ್ನು ಕಾಪಾಡಿ, ಬಳಿಕ ಡಯಾಲಿಸಿಸ್ ಮಾಡುತ್ತಾರೆ. ಮನೆಯವರ ಕೆಲಸ ಅದಕ್ಕೂ ಮೊದಲಿನದು: 108ಕ್ಕೆ ಕರೆ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿನಷ್ಟು ಆಳ ಒತ್ತುವುದು. ಒತ್ತಿದವರೆಲ್ಲ ಬದುಕುತ್ತಾರೆಂದಲ್ಲ. ಬಹುಕಾಲದ ರೋಗಿಗಳಲ್ಲಿ ಬದುಕುವವರು ಕಡಿಮೆ. ಆದ್ದರಿಂದ ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ರೋಗಿಯನ್ನೇ ಕೇಳಿ, ವೈದ್ಯರೊಡನೆ ಮೊದಲೇ ಮಾತಾಡಿಕೊಂಡಿರಬೇಕು. ಅಕ್ಕ, ಭಾವ ಈಗ ಮಾತಾಡಿದ್ದಾರೆ.

ನಮ್ಮ ಸಂಘದ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡ ನೋಡಿ ಬಾಳೆಹಣ್ಣು ಹಂಚಿ ಕಳಿಸುವುದು ವಾಡಿಕೆ. ಎದೆ ಒತ್ತುವುದನ್ನೂ ಕಲಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಆ ಹುಡುಗ ಭಾನುವಾರ ಬಿಡುವಾಗಿರುತ್ತಾನೆ.